ತೋಟದ ಕೆಸರು ದಾರಿಗೆ ಥಾರ್, ಜಿಮ್ನಿ, ಗೂರ್ಖಾ: ಯಾವುದು ತಗೊಳ್ಳೋದು?

ಕಾಫಿಹೂ:
ಸಕಲೇಶಪುರದ ಹಾನುಬಾಳು ಕಡೆ ತೋಟ. ಟಾರು ರಸ್ತೆ ಬಿಟ್ಟ ಮೇಲೆ ಮೂರು ಕಿ.ಮೀ. ಮಣ್ಣಿನ ದಾರಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪೂರ್ತಿ ಜೇಡಿ ಕೆಸರು, ಟ್ರ್ಯಾಕ್ಟರ್ ಓಡಾಡಿ ಗೇಣುದ್ದದ ಜಾಡು ಬಿದ್ದಿರುತ್ತೆ. ನಡುವೆ ಒಂದು ಹಳ್ಳ, ಮಳೆಗಾಲದಲ್ಲಿ ಮೊಣಕಾಲವರೆಗೆ ನೀರು. ಹಳ್ಳ ದಾಟಿದ ಕೂಡಲೇ ತಿರುವಿನ ಏರು. ತಿಂಗಳಿಗೆ ಎರಡು ಸಲ ಬೆಂಗಳೂರಿಗೆ ಹೋಗಿ ಬರಬೇಕು. ನಾಲ್ಕು ಜನ, ಕೆಲವೊಮ್ಮೆ ಎರಡು ಚೀಲ ಗೊಬ್ಬರ. ಆನ್‌ರೋಡ್ (ತೆರಿಗೆ, ಇನ್ಶೂರೆನ್ಸ್ ಎಲ್ಲ ಸೇರಿ) 19 ಲಕ್ಷ ದಾಟಬಾರದು. ಮಹೀಂದ್ರ ಥಾರ್, ಮಾರುತಿ ಸುಜುಕಿ ಜಿಮ್ನಿ, ಫೋರ್ಸ್ ಗೂರ್ಖಾ ಮೂರನ್ನ ನೋಡ್ತಿದ್ದೀನಿ. ಥಾರ್ 2025ರ ಅಕ್ಟೋಬರ್ ಪಟ್ಟಿಯಲ್ಲಿ 9.99 ಲಕ್ಷಕ್ಕೇ ಇತ್ತಂತೆ, ಹಾಗಿದ್ರೆ ಜಿಮ್ನಿಗೆ ಯಾಕೆ ಜಾಸ್ತಿ ಕೊಡಬೇಕು? ತಿಳಿದವರು ಹೇಳಿ.

ಲೆಕ್ಕದವನು:
ಆ 9.99 ಲಕ್ಷದ ಥಾರ್ ಫೋರ್ ಬೈ ಫೋರ್ (ನಾಲ್ಕೂ ಚಕ್ರಕ್ಕೆ ಎಂಜಿನ್ ಶಕ್ತಿ ಹೋಗುವ ಗಾಡಿ) ಅಲ್ಲವೇ ಅಲ್ಲ. ಅದು 1.5 ಲೀಟರ್ ಡೀಸೆಲ್, ಹಿಂದಿನ ಚಕ್ರ ಮಾತ್ರ ತಿರುಗುವ ಗಾಡಿ. ನಾಲ್ಕು ಮೀಟರ್ ಒಳಗಿನ ಉದ್ದ, 1500 ಸಿಸಿ ಒಳಗಿನ ಡೀಸೆಲ್ ಆದ್ದರಿಂದ 2025ರ ಸೆಪ್ಟೆಂಬರ್ 22ರ ನಂತರ ಅದಕ್ಕೆ 18% ಜಿಎಸ್‌ಟಿ. 2.2 ಡೀಸೆಲ್, 2.0 ಪೆಟ್ರೋಲ್ ಥಾರ್‌ಗೆ 40%. ಜಿಮ್ನಿಯೂ ನಾಲ್ಕು ಮೀಟರ್ ಒಳಗೇ ಇದೆ, ಆದರೆ ಪೆಟ್ರೋಲ್‌ಗೆ ಮಿತಿ 1200 ಸಿಸಿ, ಅದರ ಎಂಜಿನ್ 1462. ಹಾಗಾಗಿ ಅದೂ 40ರ ಸಾಲಿಗೆ. ನಿಮ್ಮ ಹೋಲಿಕೆ ತಪ್ಪಿದ್ದು ಇಲ್ಲೇ.

ಸಮಸಮ ನೋಡಿದ್ರೆ, 2025ರ ಅಕ್ಟೋಬರ್ ಪಟ್ಟಿಯಲ್ಲಿ ಥಾರ್ ಫೋರ್ ಬೈ ಫೋರ್ ಪೆಟ್ರೋಲ್ ಮ್ಯಾನುಯಲ್ 14.69, ಡೀಸೆಲ್ ಮ್ಯಾನುಯಲ್ 15.49, ಡೀಸೆಲ್ ಆಟೋಮ್ಯಾಟಿಕ್ 16.99 ಲಕ್ಷ. ಜಿಮ್ನಿ 2023ರ ಜೂನ್‌ನಲ್ಲಿ ಬಂದಾಗ 12.74ರಿಂದ 15.05 ಇತ್ತು. ಅದರಲ್ಲಿ ಯಾವ ವೇರಿಯಂಟ್ ತಗೊಂಡರೂ ಫೋರ್ ಲೋ (ನಾಲ್ಕೂ ಚಕ್ರಕ್ಕೆ ನಿಧಾನದ, ಹೆಚ್ಚು ಎಳೆತದ ಗೇರ್) ಇದ್ದೇ ಇರುತ್ತೆ, ಆರು ಏರ್‌ಬ್ಯಾಗ್ ಕೂಡ. ಗೂರ್ಖಾ ಮೂರು ಬಾಗಿಲಿನದು 2024ರ ಮೇನಲ್ಲಿ 16.75, ಐದು ಬಾಗಿಲಿನದು 18 ಲಕ್ಷ. ಜಿಎಸ್‌ಟಿ ಇಳಿದದ್ದು ಆಮೇಲೆ, ಜಿಮ್ನಿ ಮತ್ತು ಗೂರ್ಖಾಕ್ಕೆ ಹೊಸ ಕೊಟೇಶನ್ ತಗೊಳ್ಳಿ. ಇವೆಲ್ಲ ಎಕ್ಸ್ ಶೋರೂಮ್, ಅಂದ್ರೆ ರಸ್ತೆ ತೆರಿಗೆ, ಇನ್ಶೂರೆನ್ಸ್ ಸೇರದ ಬೆಲೆ.

ನಮ್ಮ ರಾಜ್ಯದಲ್ಲಿ 10–20 ಲಕ್ಷದ ಗಾಡಿಗೆ ಜೀವಾವಧಿ ತೆರಿಗೆ 17%, ಸೆಸ್ ಸೇರಿ 18.87%. 15.49ರ ಥಾರ್‌ಗೆ ತೆರಿಗೆಯೇ 2.92 ಲಕ್ಷ, ಅಲ್ಲಿಗೆ 18.41. ಇನ್ಶೂರೆನ್ಸ್ ಹಾಕಿದ್ರೆ ನಿಮ್ಮ 19ರ ಗೆರೆ ಮುಟ್ಟುತ್ತೆ. 1% ಟಿಸಿಎಸ್ (ಮಾರುವವರೇ ಮುಂಗಡವಾಗಿ ಹಿಡಿಯುವ ಆದಾಯ ತೆರಿಗೆ) ಬೇರೆ ಕಟ್ಟಿಸ್ಕೊಳ್ತಾರೆ, ಅದು ರಿಟರ್ನ್ ಸಲ್ಲಿಸುವಾಗ ಲೆಕ್ಕಕ್ಕೆ ಬರುತ್ತೆ. ಬೆಲೆ ಕೇಳುವಾಗ ‘ಆಕ್ಸೆಸರಿ ಪ್ಯಾಕ್’ ಸಾಲು ತೆಗೆಸಿ ಕೇಳಿ.

ಫೋರ್‌ಲೋ:
ದುಡ್ಡಿನದು ಅಷ್ಟು. ಆ ಏರಿನಲ್ಲಿ ಏನಾಗುತ್ತೆ ಅನ್ನೋದು ಬೇರೆ ಲೆಕ್ಕ ಮಾರಾಯ್ರೆ. ಜೇಡಿಯಲ್ಲಿ ಒಂದು ಚಕ್ರ ಜಾಡಿಗಿಳಿದು ಅದರ ಎದುರು ಮೂಲೆಯದು ಗಾಳಿಯಲ್ಲಿ ನಿಂತರೆ, ಬರೀ ಫೋರ್ ಬೈ ಫೋರ್ ಇದ್ದು ಪ್ರಯೋಜನವಿಲ್ಲ. ಓಪನ್ ಡಿಫರೆನ್ಷಿಯಲ್ (ಆ್ಯಕ್ಸಲ್‌ನ ಎರಡು ಚಕ್ರಕ್ಕೆ ಶಕ್ತಿ ಹಂಚುವ, ಲಾಕ್ ಇಲ್ಲದ ಗೇರ್) ಇರುವ ಗಾಡಿಯಲ್ಲಿ ತಿರುಗೋದು ಹಿಡಿತ ಇಲ್ಲದ ಚಕ್ರವೇ.

ಎರಡು ಚಕ್ರ ಒಟ್ಟಿಗೇ ತಿರುಗುವಂತೆ ಬಿಗಿಯುವ ಲಾಕ್ ಜಿಮ್ನಿಯಲ್ಲಿ ಇಲ್ಲ, ಸುಮ್ಮನೆ ತಿರುಗುವ ಚಕ್ರಕ್ಕೆ ಬ್ರೇಕ್ ಹಿಡಿದು ಎದುರಿನದಕ್ಕೆ ಶಕ್ತಿ ದಾಟಿಸುತ್ತೆ. ಚಕ್ರ ಸುತ್ತತೊಡಗಿದ ತಕ್ಷಣ ಹೆದರಿ ಆಕ್ಸಿಲರೇಟರ್ ಬಿಡೋದೇ ಎಲ್ಲರೂ ಮಾಡುವ ತಪ್ಪು. ಒಂದೇ ಸಮ ಒತ್ತಿ ಎರಡು ಸೆಕೆಂಡ್ ಕಾಯಬೇಕು, ಕರ್ ಕರ್ ಅಂತ ಸದ್ದು ಬಂದು ಗಾಡಿ ಹಿಡಿಯುತ್ತೆ. ಥಾರ್‌ನಲ್ಲೂ ಈ ವ್ಯವಸ್ಥೆ ಇದೆ. ಜೊತೆಗೆ ಕೆಲವು ವೇರಿಯಂಟ್‌ನಲ್ಲಿ ಹಿಂದಿನ ಆ್ಯಕ್ಸಲ್‌ಗೆ ಮೆಕ್ಯಾನಿಕಲ್ ಲಾಕ್: ಎರಡು ಹಿಂಚಕ್ರದ ವೇಗದಲ್ಲಿ ಸುಮಾರು 100 ಆರ್‌ಪಿಎಂ ವ್ಯತ್ಯಾಸ ಬಂದ್ರೆ ತಾನೇ ಬೀಳುತ್ತೆ. ಇದು ಎಲ್ಲದರಲ್ಲೂ ಇರಲ್ಲ, ಬುಕ್ ಮಾಡುವ ಮುಂಚೆ ನಿಮ್ಮ ವೇರಿಯಂಟ್‌ನಲ್ಲಿ ಇದೆ ಅಂತ ಬರಹದಲ್ಲಿ ತಗೊಳ್ಳಿ. ಗೂರ್ಖಾದಲ್ಲಿ ಮುಂದೆ ಹಿಂದೆ ಎರಡಕ್ಕೂ ಲಾಕ್, ಲಿವರ್ ಎಳೆಯೋದು ನೀವೇ. ಸಿಕ್ಕಿಹಾಕ್ಕೊಳ್ಳೋ ಮುಂಚೆಯೇ ಹಾಕ್ಕೊಂಡು ಹೋಗಬಹುದು. ಆದರೆ ಮುಂದಿನದು ಲಾಕ್ ಆದ್ರೆ ಸ್ಟೀರಿಂಗ್ ತಿರುಗಿಸಿದರೂ ಗಾಡಿ ನೆಟ್ಟಗೇ ಹೋಗುತ್ತೆ. ನಿಮ್ಮ ತಿರುವಿನಲ್ಲಿ ಹಿಂದಿನದು ಮಾತ್ರ ಸಾಕು.

ಇನ್ನು ದಾಟಬಹುದಾದ ನೀರಿನ ಆಳ: ಥಾರ್ 650 ಮಿ.ಮೀ., ಗೂರ್ಖಾ ಸ್ನಾರ್ಕೆಲ್ (ಎಂಜಿನ್‌ಗೆ ಮೇಲಿಂದ ಗಾಳಿ ಎಳೆಯುವ ಕೊಳವೆ) ಸಮೇತ 700, ಜಿಮ್ನಿಗೆ ಸುಜುಕಿ ಹೇಳೋದು 300 ಮಾತ್ರ. ಮೊಣಕಾಲು ಅಂದ್ರೆ 450–500. ನನ್ನ ವೋಟು ಥಾರ್ ಡೀಸೆಲ್‌ಗೆ.

ಸಣ್ಣಗಾಡಿ:
ಹಳ್ಳದ ವಿಷಯ ಒಪ್ಪಿದೆ, ಕೆಸರಿನದು ಅರ್ಧ ಮಾತ್ರ. ತೂಕ ನೋಡಿ. ಜಿಮ್ನಿ ಸುಮಾರು 1200 ಕೆ.ಜಿ., ಥಾರ್ 1700ಕ್ಕೂ ಮೇಲೆ, ಗೂರ್ಖಾ ಎರಡು ಟನ್ ಹತ್ತಿರ. ಹೂತರೆ ಜಿಮ್ನಿಯನ್ನ ನಾಲ್ಕು ಜನ ತಳ್ಳಿ ಎಬ್ಬಿಸಬಹುದು, ಗೂರ್ಖಾಕ್ಕೆ ಟ್ರ್ಯಾಕ್ಟರ್ ಕರೀಬೇಕು. ಜಿಮ್ನಿ ಅಗಲ 1645 ಮಿ.ಮೀ., ಥಾರ್ 1820: ಗಿಡಗಳ ನಡುವಿನ ದಾರಿಯಲ್ಲಿ ಆ ಏಳು ಇಂಚು ಗೊತ್ತಾಗುತ್ತೆ. ಗೂರ್ಖಾ ಎತ್ತರವೂ ಎರಡು ಮೀಟರ್ ಮೇಲೆ, ಬಾಗಿದ ಕೊಂಬೆ ಕಡಿಸಿಟ್ಕೊಳ್ಳಿ.

ಇನ್ನೊಂದು, ಜಿಮ್ನಿಗೆ ಮುಂದೆಯೂ ಉದ್ದಕ್ಕೆ ಒಂದೇ ಆ್ಯಕ್ಸಲ್. ಸಸ್ಪೆನ್ಷನ್ ಒತ್ತಿದರೂ ಆ್ಯಕ್ಸಲ್ ಕೆಳಗಿನ 210 ಮಿ.ಮೀ. ಕಡಿಮೆ ಆಗಲ್ಲ. ಥಾರ್, ಗೂರ್ಖಾಕ್ಕೆ ಮುಂದೆ ಇಂಡಿಪೆಂಡೆಂಟ್ (ಚಕ್ರಕ್ಕೊಂದು ಬೇರೆ ಬೇರೆ ಸಸ್ಪೆನ್ಷನ್), ಗುಂಡಿಗೆ ಬಿದ್ದಾಗ ಮುಂಭಾಗದ ಹೊಟ್ಟೆ ಕೆಳಗಿಳಿಯುತ್ತೆ. ಪಟ್ಟಿಯಲ್ಲಿ ನೆಲದಿಂದ ಎತ್ತರ ಥಾರ್ 226, ಗೂರ್ಖಾ 233 ಅಂತ ನೋಡಿ ಗೆದ್ದೆವು ಅನ್ಕೋಬೇಡಿ.

ಆದರೆ ಜಿಮ್ನಿಯ ಕಷ್ಟವೂ ಹೇಳ್ತೀನಿ. ಅದರ ಚಕ್ರಗಳ ನಡುವಿನ ಅಗಲ 1.4 ಮೀಟರ್ ಆಸುಪಾಸು, ಟ್ರ್ಯಾಕ್ಟರ್ ಜಾಡು ಅದಕ್ಕಿಂತ ಅಗಲ ಇದ್ದರೆ ಒಂದು ಕಡೆ ಜಾಡಿನಲ್ಲಿ, ಇನ್ನೊಂದು ಕಡೆ ನಡುದಿಬ್ಬದ ಮೇಲೆ ವಾಲಿಕೊಂಡೇ ಹೋಗುತ್ತೆ. ಟೇಪ್ ಹಿಡಿದು ನಿಮ್ಮ ಜಾಡು ಅಳೆಯಿರಿ. ಜಿಮ್ನಿಯ ಟಾರ್ಕ್ (ಎಂಜಿನ್‌ನ ಎಳೆತದ ಬಲ) 134 ಎನ್‌ಎಂ, ಅದೂ 4000 ಆರ್‌ಪಿಎಂನಲ್ಲಿ. ಗೊಬ್ಬರ ಹೇರಿಕೊಂಡು ಏರು ಹತ್ತೋದಕ್ಕೆ ಫೋರ್ ಲೋ ಬೇಕೇ ಬೇಕು. ಥಾರ್ ಡೀಸೆಲ್ 300 ಎನ್‌ಎಂ, ಗೂರ್ಖಾ 320, ಎಳೆತಕ್ಕೆ ಸರಿಸಾಟಿ ಇಲ್ಲ.

ಕಾಫಿಹೂ:
ಜಾಡು ಅಳೆದೆ, ನಡುವಿಂದ ನಡುವಿಗೆ ಐದಡಿ ಇದೆ. ಹಾಗಾದ್ರೆ ಜಿಮ್ನಿ ವಾಲುತ್ತೆ. ಡೀಸೆಲ್ ತಗೊಂಡು ವಾರಗಟ್ಟಲೆ ತೋಟದೊಳಗೇ ಓಡಿಸಿದ್ರೆ ಡಿಪಿಎಫ್ (ಹೊಗೆಯ ಮಸಿ ಹಿಡಿಯುವ ಫಿಲ್ಟರ್) ಕಟ್ಟಿಕೊಳ್ಳುತ್ತಂತೆ, ನಿಜವಾ?

ಫೋರ್‌ಲೋ:
ನಿಜ. ಬಿಎಸ್6 ಡೀಸೆಲ್‌ನಲ್ಲಿ ಮಸಿ ಸುಡಬೇಕಾದ್ರೆ ಹೊಗೆ ಕೊಳವೆ ಚೆನ್ನಾಗಿ ಬಿಸಿಯಾಗಬೇಕು, ಮೊದಲ ಗೇರ್‌ನಲ್ಲಿ ಮೂರು ಕಿ.ಮೀ. ಓಡಿಸಿದ್ರೆ ಆಗಲ್ಲ. ನಿಮ್ಮ ಬೆಂಗಳೂರು ಟ್ರಿಪ್ಪೇ ಮದ್ದು. ನಡುವೆ ಡಿಪಿಎಫ್ ದೀಪ ಬಂದ್ರೆ ಹೈವೇಗೆ ಹೋಗಿ 60ರ ಮೇಲೆ ಇಪ್ಪತ್ತು ನಿಮಿಷ ಒಂದೇ ಸಮ ಓಡಿಸಿ. ದೀಪ ಉರೀತಿದ್ದಾಗ ಎಂಜಿನ್ ಆಫ್ ಮಾಡಿ ಮಾಡಿ ಓಡಿಸಿದ್ರೆ ಸರ್ವಿಸ್ ಸೆಂಟರ್ ಬಿಲ್ಲು ಗ್ಯಾರಂಟಿ.

ಲೆಕ್ಕದವನು:
ಹಾಗಾದ್ರೆ ಥಾರ್ ಪೆಟ್ರೋಲ್ ಮ್ಯಾನುಯಲ್ ಕೂಡ ನೋಡಿ. 300 ಎನ್‌ಎಂ ಅದರಲ್ಲೂ ಇದೆ, ಎಕ್ಸ್ ಶೋರೂಮ್ 80 ಸಾವಿರ ಕಡಿಮೆ, ತೆರಿಗೆ ಸೇರಿಸಿದ್ರೆ 95 ಸಾವಿರ ಉಳಿಯುತ್ತೆ. ಇಂಧನ ಹೆಚ್ಚು ಕುಡಿಯುತ್ತೆ, ಅದನ್ನ ಒಪ್ಪಬೇಕು. ಮೆಕ್ಯಾನಿಕಲ್ ಲಾಕ್ ಇದೆಯಾ ಅಂತ ಇದರಲ್ಲೂ ಕೇಳಿ.

ಸಣ್ಣಗಾಡಿ:
ಯಾವುದೇ ತಗೊಳ್ಳಿ, ಕೆಸರಿಗೆ ಇಳಿಯುವ ಮುಂಚೆ ಟೈರ್ ಗಾಳಿ 18–20 ಪಿಎಸ್‌ಐಗೆ ಇಳಿಸಿ. 15ಕ್ಕಿಂತ ಕೆಳಗೆ ಬೇಡ, ಟೈರ್ ರಿಮ್ ಬಿಟ್ಟು ಕಳಚುತ್ತೆ. ಟಾರಿಗೆ ಹತ್ತಿದ ಕೂಡಲೇ 12 ವೋಲ್ಟ್ ಪಂಪ್‌ನಲ್ಲಿ ತುಂಬಿಸಿ, ಫೋರ್ ಹೈಯಿಂದ (ನಾಲ್ಕೂ ಚಕ್ರಕ್ಕೆ ಶಕ್ತಿ) ಟೂ ಹೈಗೆ (ಹಿಂದಿನೆರಡಕ್ಕೆ ಮಾತ್ರ) ಬನ್ನಿ. ಮೂರರಲ್ಲೂ ಮುಂದಿನ ಮತ್ತು ಹಿಂದಿನ ಆ್ಯಕ್ಸಲ್ ನಡುವೆ ಡಿಫರೆನ್ಷಿಯಲ್ ಇಲ್ಲ, ಒಣ ಟಾರಿನ ತಿರುವಿನಲ್ಲಿ ಫೋರ್ ಹೈ ಇದ್ದರೆ ಚಕ್ರಗಳಿಗೆ ಶಕ್ತಿ ಒಯ್ಯುವ ಭಾಗಗಳು ಬಿಗಿದುಕೊಂಡು ಟೂ ಹೈಗೆ ಬರಲ್ಲ. ಬಂದಿಲ್ಲ ಅಂದ್ರೆ ಎರಡು ಮೀಟರ್ ರಿವರ್ಸ್ ತಗೊಂಡು ಮತ್ತೆ ಬದಲಿಸಿ. ಫೋರ್ ಲೋಗೆ ಮಾತ್ರ ಗಾಡಿ ಪೂರ್ತಿ ನಿಲ್ಲಿಸಿ, ಕ್ಲಚ್ ಒತ್ತಿ ಹಾಕಬೇಕು.

ಮೂರಕ್ಕೂ ಹಿಂದೆ ಡ್ರಮ್ ಬ್ರೇಕ್. ಹಳ್ಳ ದಾಟಿದ ಮೇಲೆ ಬ್ರೇಕನ್ನ ಹಗುರಾಗಿ ಒತ್ತಿಕೊಂಡೇ ನೂರು ಮೀಟರ್ ಹೋಗಿ, ಒಣಗುತ್ತೆ. ಮಳೆಗಾಲದಲ್ಲಿ ತಿಂಗಳಿಗೊಮ್ಮೆ ಡ್ರಮ್ ಬಿಚ್ಚಿಸಿ ಕೆಸರು ತೊಳೆಸಿ. ರಾತ್ರಿ ಒದ್ದೆ ಗಾಡಿಗೆ ಹ್ಯಾಂಡ್ ಬ್ರೇಕ್ ಹಾಕಿಟ್ರೆ ಬೆಳಿಗ್ಗೆ ಶೂ ಅಂಟಿಕೊಂಡಿರುತ್ತೆ. ಗೇರ್‌ನಲ್ಲಿ ಬಿಟ್ಟು ಚಕ್ರಕ್ಕೊಂದು ಕಲ್ಲು ಕೊಡಿ.