ಏರ್‌ಬ್ಯಾಗ್, ಇಂಜಿನ್ ಸೆನ್ಸರ್ ಮನೆಯಲ್ಲೇ ಬದಲಾಯಿಸಬಹುದಾ? ಅನುಭವ ಇದ್ದವರು ಹೇಳಿ

ಮೂಡಿಗೆರೆಯಿಂದ:

ನಮಸ್ಕಾರ. ನನ್ನದು 2016ರ ಪೆಟ್ರೋಲ್ ಕಾರು, ಸೆಕೆಂಡ್ ಹ್ಯಾಂಡ್ ತೆಗೆದುಕೊಂಡಿದ್ದು. ಈ ಮಳೆಗಾಲದಿಂದ ಏರ್‌ಬ್ಯಾಗ್ ಲೈಟು ಆರುತ್ತಿಲ್ಲ. ಇಂಜಿನ್ ಲೈಟೂ ಉರಿಯುತ್ತಿದೆ. ಘಾಟಿ ಹತ್ತಿ ಬಿಸಿಯಾದ ಮೇಲೆ ಗಾಡಿ ಒಮ್ಮೊಮ್ಮೆ ಬಂದ್ ಆಗುತ್ತದೆ, ಅರ್ಧ ಗಂಟೆ ಬಿಟ್ಟರೆ ಮತ್ತೆ ಸ್ಟಾರ್ಟ್ ಆಗುತ್ತದೆ. ಗ್ಯಾರೇಜಿನವರು ಏರ್‌ಬ್ಯಾಗನ್ನೇ ಬದಲಾಯಿಸಬೇಕು ಅಂದರು. ಗುಜರಿಯಲ್ಲಿ ಕಡಿಮೆಗೆ ಒಂದು ಸಿಗುತ್ತಿದೆ. ನಾನೂ ತಮ್ಮನೂ ಸೇರಿ ಹಾಕಬಹುದಾ?

ಹಾಸನದಿಂದ:

ಸರ್, ನಾನು ಬಿ.ಎಂ. ರೋಡಿನಲ್ಲಿ ಗಾಡಿ ವೈರಿಂಗ್ ಕೆಲಸ ಮಾಡುವವನು. ಸೆನ್ಸರ್ ಧೈರ್ಯವಾಗಿ ನೀವೇ ಹಾಕಿಕೊಳ್ಳಿ. ಏರ್‌ಬ್ಯಾಗಿಗೆ ಮಾತ್ರ ದಯವಿಟ್ಟು ಕೈ ಹಾಕಬೇಡಿ.

ಸ್ಟೇರಿಂಗ್ ಮಧ್ಯದ ಮುಚ್ಚಳದ ಹಿಂದೆ ಇರುವುದು ಬರೀ ಬಟ್ಟೆಯ ಚೀಲ ಅಲ್ಲ. ಕರೆಂಟ್ ತಾಗಿದ ತಕ್ಷಣ ಹೊತ್ತಿಕೊಳ್ಳುವ ಮದ್ದು ಅದರಲ್ಲಿದೆ. ಒಂದು ಸೆಕೆಂಡಿನ ಮೂವತ್ತನೇ ಒಂದು ಭಾಗದಷ್ಟು ಹೊತ್ತಿನಲ್ಲಿ ಚೀಲ ಪೂರ್ತಿ ಉಬ್ಬುತ್ತದೆ. ಎದುರಿಗೆ ನಿಮ್ಮ ಮುಖ ಇದ್ದರೆ ಏನು ಗತಿ? ಬ್ಯಾಟರಿ ಬಿಚ್ಚಿದರೂ ಕಂಟ್ರೋಲ್ ಬಾಕ್ಸಿನಲ್ಲಿ ಸ್ವಲ್ಪ ಹೊತ್ತು ಕರೆಂಟ್ ಉಳಿದಿರುತ್ತದೆ, ಅಪಘಾತದಲ್ಲಿ ಬ್ಯಾಟರಿ ತುಂಡಾದರೂ ಏರ್‌ಬ್ಯಾಗ್ ಬಿಚ್ಚಿಕೊಳ್ಳಲಿ ಅಂತ. ಎಷ್ಟು ನಿಮಿಷ ಕಾಯಬೇಕು ಅನ್ನುವುದು ಒಂದೊಂದು ಕಂಪನಿಯ ಗಾಡಿಗೆ ಒಂದೊಂದು ಥರ. ಇನ್ನೊಂದು, ಹಳದಿ ಕಪ್ಲರ್ (ವೈರ್ ಜೋಡಿಸುವ ಪ್ಲಗ್) ಕಂಡರೆ ಅದು ಏರ್‌ಬ್ಯಾಗಿನ ವೈರಿಂಗ್, ಅದಕ್ಕೆ ಮಲ್ಟಿಮೀಟರ್ ಹಿಡಿಯಲೇಬೇಡಿ. ಓಮ್ಸ್ (ವೈರಿನ ರೆಸಿಸ್ಟೆನ್ಸ್) ನೋಡುವಾಗ ಮೀಟರೇ ಒಂದಿಷ್ಟು ಕರೆಂಟ್ ಬಿಡುತ್ತದೆ.

ಗುಜರಿ ಏರ್‌ಬ್ಯಾಗ್ ಅಂತೂ ಬೇಡವೇ ಬೇಡ. ಅದು ಎಲ್ಲಿ ಬಿದ್ದಿತ್ತು, ನೀರಿನಲ್ಲಿ ಮುಳುಗಿತ್ತಾ, ಯಾರಿಗೆ ಗೊತ್ತು? ಜಪಾನಿನ ಟಕಾಟಾ ಕಂಪನಿಯ ಏರ್‌ಬ್ಯಾಗುಗಳ ಕಥೆ ಕೇಳಿರಬಹುದು. ಸೆಕೆ, ತೇವಕ್ಕೆ ಒಳಗಿನ ಮದ್ದು ಕೆಟ್ಟು, ಚೀಲದ ಜೊತೆ ಲೋಹದ ಚೂರುಗಳೂ ಹಾರಿ ಜನ ಸತ್ತರು. ಲೋಕದ ತುಂಬ ಕೋಟಿಗಟ್ಟಲೆ ಗಾಡಿಗಳನ್ನು ವಾಪಸ್ ಕರೆಸಿದರು. ನಿಮ್ಮ ಗಾಡಿಯ ಮೇಲೆ ಅಂಥ ರೀಕಾಲ್ ಇದೆಯಾ ಅಂತ ಶೋರೂಮಿನಲ್ಲಿ ಚಾಸಿ ನಂಬರ್ ಕೊಟ್ಟು ಕೇಳಿ. ಇದ್ದರೆ ಪುಕ್ಕಟೆ ಹಾಕಿಕೊಡುತ್ತಾರೆ.

ಅಸಲಿಗೆ ನಿಮ್ಮ ಏರ್‌ಬ್ಯಾಗ್ ಕೆಟ್ಟೇ ಇಲ್ಲದಿರಬಹುದು. ಮಳೆಗಾಲದಲ್ಲಿ ಶುರುವಾಯಿತು ಅಂದಿರಲ್ಲ, ಅಲ್ಲೇ ನನಗೆ ಅನುಮಾನ. ಮಲೆನಾಡಿನ ಗಾಡಿಗಳಲ್ಲಿ ಮ್ಯಾಟ್ ಕೆಳಗಿನ ಕಾರ್ಪೆಟ್ ಒದ್ದೆಯಾಗಿ, ಸೀಟಿನಡಿಯ ಕಪ್ಲರ್ ಕಿಲುಬು ಹಿಡಿಯುತ್ತದೆ. ಅಪಘಾತದಲ್ಲಿ ಸೀಟ್ ಬೆಲ್ಟನ್ನು ಎಳೆದು ಬಿಗಿ ಮಾಡುವ ಸಾಧನದ ವೈರೂ ಕೆಲವು ಗಾಡಿಗಳಲ್ಲಿ ಅಲ್ಲೇ ಹೋಗುತ್ತದೆ. ಹಾರ್ನೂ ಕೆಲಸ ಮಾಡುತ್ತಿಲ್ಲವಾದರೆ ಸ್ಟೇರಿಂಗ್ ಒಳಗಿನ ಕ್ಲಾಕ್ ಸ್ಪ್ರಿಂಗ್ (ಸ್ಟೇರಿಂಗ್ ತಿರುಗಿದರೂ ಹಾರ್ನ್, ಏರ್‌ಬ್ಯಾಗಿಗೆ ಕರೆಂಟ್ ತಲುಪಿಸುವ ಸುರುಳಿ ವೈರ್) ತುಂಡಾಗಿರಬಹುದು. ಸೀಟಿನಡಿ ಟಾರ್ಚ್ ಹಾಕಿ ನೋಡಿ, ಎಳೆಯಬೇಡಿ. ಕೀ ಆನ್ ಇದ್ದಾಗ ಕಪ್ಲರ್ ಬಿಚ್ಚಿದರೆ ಹೊಸ ಕೋಡ್ (ಗಾಡಿಯ ಕಂಪ್ಯೂಟರ್ ಬರೆದಿಡುವ ದೋಷದ ನಂಬರ್, ಸ್ಕ್ಯಾನರ್ ಜೋಡಿಸಿ ಓದುವಂಥದ್ದು) ಒಂದು ಕೂತುಬಿಡುತ್ತದೆ. ಅಗ್ಗದ ಸ್ಕ್ಯಾನರುಗಳು ಸಾಮಾನ್ಯವಾಗಿ ಇಂಜಿನ್ ಕೋಡ್ ಮಾತ್ರ ಓದುತ್ತವೆ, ಏರ್‌ಬ್ಯಾಗಿನದು ಓದುವುದಿಲ್ಲ.

ಇನ್ನು ಘಾಟಿಯಲ್ಲಿ ಬಂದ್ ಆಗುವುದು. ಬಿಸಿಯಾದಾಗ ನಿಂತು ತಣ್ಣಗಾದಾಗ ಹೊರಟರೆ ಮೊದಲ ಅನುಮಾನ ಕ್ರ್ಯಾಂಕ್ ಸೆನ್ಸರ್ ಮೇಲೆ, ಅಂದರೆ ಇಂಜಿನ್ ತಿರುಗುವುದನ್ನು ಕಂಪ್ಯೂಟರಿಗೆ ತಿಳಿಸುವ ಸೆನ್ಸರ್. ಸ್ಕ್ಯಾನರಿನಲ್ಲಿ ಆ ಸೆನ್ಸರಿನ ಕೋಡ್ ಪಿ0335 ಬಂದರೆ ಅನುಮಾನ ಗಟ್ಟಿ. ಇಂಜಿನ್ ಪೂರ್ತಿ ತಣಿಯಲಿ. ಬ್ಯಾಟರಿ ನೆಗೆಟಿವ್ ಬಿಚ್ಚಿ. ಸಾಮಾನ್ಯವಾಗಿ ಒಂದೇ ಬೋಲ್ಟು, ಜಾಸ್ತಿ ಗಾಡಿಗಳಲ್ಲಿ 10ರ ಸ್ಪ್ಯಾನರ್ ಸಾಕು. ಸೆನ್ಸರ್ ಅಲ್ಲಾಡದಿದ್ದರೆ ಸುಮ್ನೆ ಸುತ್ತಿಗೆ ಏಟು ಕೊಡಬೇಡಿ, ಎಡಕ್ಕೆ ಬಲಕ್ಕೆ ಮೆಲ್ಲಗೆ ತಿರುಗಿಸುತ್ತಾ ಎಳೆಯಿರಿ. ತುದಿಗೆ ಗಡ್ಡ ಬಂದ ಹಾಗೆ ಕಬ್ಬಿಣದ ಪುಡಿ ಅಂಟಿರುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಒರೆಸಿ ಹಾಕಿದರೇ ಕೆಲವೊಮ್ಮೆ ಸರಿಹೋಗುತ್ತದೆ. ಹೊಸದಾದರೆ ಓ-ರಿಂಗಿಗೆ (ಸೆನ್ಸರ್ ಸುತ್ತಲಿನ ರಬ್ಬರ್ ಬಳೆ) ಒಂದು ಹನಿ ಇಂಜಿನ್ ಆಯಿಲ್ ಸವರಿ ಕೂರಿಸಿ.

ಕೊಪ್ಪದಿಂದ:

ಹಾಸನದ ಅಣ್ಣ ಹೇಳಿದ್ದಕ್ಕೆ ನನ್ನದೊಂದು ಅನುಭವ. ನಮ್ಮ ಮನೆ ತೋಟದೊಳಗೆ. ಹೋದ ವರ್ಷ ಇಂಜಿನ್ ಲೈಟು ಬಂತು, ರೇಡಿಯೇಟರ್ ಫ್ಯಾನ್ ನಿಲ್ಲದೆ ತಿರುಗುತ್ತಿತ್ತು. ಇಂಜಿನ್ ತಣಿಸುವ ನೀರಿನ ಬಿಸಿ ಅಳೆಯುವ ಕೂಲಂಟ್ ಸೆನ್ಸರ್ ಹೋಗಿದೆ ಅಂತ ಹೊಸದು ತರಿಸಿ ನಾನೇ ಹಾಕಿದೆ. ಲೈಟು ಆರಲಿಲ್ಲ. ಆಮೇಲೆ ವೈರನ್ನು ಬೆರಳಲ್ಲೇ ಸವರುತ್ತಾ ಹೋದರೆ ಬ್ಯಾಟರಿ ಹಿಂದೆ ಇಲಿ ಕಡಿದಿತ್ತು! ಒಳಗೆ ಅಡಿಕೆ ಸಿಪ್ಪೆಯ ಗೂಡು ಬೇರೆ. ಸೆನ್ಸರ್ ದುಡ್ಡು ದಂಡವಾಯಿತು. ಕೋಡ್ ಬಂತು ಅಂದರೆ ಸೆನ್ಸರೇ ಕೆಟ್ಟಿದೆ ಅಂತಲ್ಲ, ಮೊದಲು ವೈರ್ ನೋಡಿ ಸರ್. ರೇಡಿಯೇಟರ್ ಮುಚ್ಚಳವನ್ನು ಮಾತ್ರ ಬಿಸಿ ಇದ್ದಾಗ ತೆಗೆಯಬೇಡಿ.

ಅರಸೀಕೆರೆಯಿಂದ:

ಸೆಕೆಂಡ್ ಹ್ಯಾಂಡ್ ತೆಗೆದುಕೊಳ್ಳುವವರು ಇದನ್ನೂ ನೋಡಿ. ಕೀ ಆನ್ ಮಾಡಿದಾಗ ಏರ್‌ಬ್ಯಾಗ್ ಲೈಟು ಬಂದು, ಕೆಲವು ಸೆಕೆಂಡಿನಲ್ಲಿ ಆರಬೇಕು. ನಾನು ಕೊಂಡ ಗಾಡಿಯಲ್ಲಿ ಲೈಟು ಬರುತ್ತಲೇ ಇರಲಿಲ್ಲ, ಸದ್ಯ ತೊಂದರೆ ಇಲ್ಲ ಅಂದುಕೊಂಡಿದ್ದೆ. ಬಿಚ್ಚಿಸಿದರೆ ಏರ್‌ಬ್ಯಾಗೇ ಇರಲಿಲ್ಲ, ಬಲ್ಬನ್ನೂ ಕಿತ್ತಿದ್ದರು. ಎಂಟು ತಿಂಗಳು ಮಕ್ಕಳನ್ನು ಕೂರಿಸಿಕೊಂಡು ಅದರಲ್ಲೇ ಓಡಾಡಿದ್ದೆವು.

ಮೂಡಿಗೆರೆಯಿಂದ:

ಎಲ್ಲರಿಗೂ ತುಂಬ ಥ್ಯಾಂಕ್ಸ್. ಮ್ಯಾಟ್ ಎತ್ತಿ ನೋಡಿದೆ, ಎಡಗಡೆ ಕಾರ್ಪೆಟ್ ಹಿಂಡಿದರೆ ನೀರು ಬರುತ್ತದೆ. ಸೀಟಿನಡಿಯ ಹಳದಿ ಕಪ್ಲರ್ ಸುತ್ತ ಹಸಿರು ಹಿಡಿದಿದೆ. ಮುಟ್ಟಿಲ್ಲ. ಸೆನ್ಸರ್ ಕೆಲಸ ಭಾನುವಾರ ನಾವೇ ಮಾಡುತ್ತೇವೆ. ಗುಜರಿಯವರಿಗೆ ಬೇಡ ಅಂದೆ.

ಹಾಸನದಿಂದ:

ಒಳ್ಳೆಯದು ಸರ್. ಎಸಿ ಡ್ರೈನ್ ಪೈಪಿನಲ್ಲಿ ಎಲೆ, ಮಣ್ಣು ಕಟ್ಟಿದೆಯಾ ನೋಡಿ, ಎಡಗಡೆ ಒದ್ದೆ ಅಂದರೆ ಎಷ್ಟೋ ಸಲ ಅದೇ ಕಾರಣ. ಕಾರ್ಪೆಟ್ ಒಣಗಿದ ಮೇಲೆ ಗಾಡಿ ತನ್ನಿ, ಏರ್‌ಬ್ಯಾಗ್ ಕೋಡ್ ಓದಿ ನೋಡೋಣ.