ಮೋರಿ, ಯುಜಿಡಿ, ರಾಜಕಾಲುವೆ: ಭಾನುವಾರದ ಪ್ರಶ್ನೋತ್ತರ

ಅಡ್ಮಿನ್: ಇವತ್ತು ಈ ಗ್ರೂಪಲ್ಲಿ ಬೆಂಗಳೂರಿನ ಮಳೆನೀರಿನ ವಿಚಾರ ಮಾತ್ರ. ಉತ್ತರ ಕೊಡೋರು ಮಳೆನೀರು ಚರಂಡಿ ವಿನ್ಯಾಸ ಮಾಡುವ ಎಂಜಿನಿಯರ್. ಕಸ, ನಾಯಿ, ಪಾರ್ಕಿಂಗ್ ಇನ್ನೊಂದು ದಿನ.

3ನೇ ಕ್ರಾಸ್: ಸರ್, ಮನೆ ಮುಂದಿನ ಮೋರಿ ಕಟ್ಟಿಕೊಂಡಿದೆ. ಪಾಲಿಕೆಗೆ ಹೇಳಬೇಕಾ, ಜಲಮಂಡಳಿಗಾ?

ಎಂಜಿನಿಯರ್: ರಸ್ತೆ ಪಕ್ಕದ ಮೋರಿ ಪಾಲಿಕೆಯದ್ದು. ಮಳೆನೀರಿನ ದೊಡ್ಡ ಕಾಲುವೆ, ಅಂದರೆ ರಾಜಕಾಲುವೆನೂ ಪಾಲಿಕೆಯದ್ದೇ, ಆದರೆ ಅದನ್ನು ನೋಡಿಕೊಳ್ಳುವ ಎಂಜಿನಿಯರುಗಳು ಬೇರೆ. ಕಕ್ಕಸು, ಬಚ್ಚಲ ನೀರು ಹೋಗುವ ಯುಜಿಡಿ (ಒಳಚರಂಡಿ) ಮತ್ತು ಅದರ ಮ್ಯಾನ್‌ಹೋಲ್ ಜಲಮಂಡಳಿಯದ್ದು. ಪಾಲಿಕೆ 1533, ಜಲಮಂಡಳಿ 1916. ಬಿಡಿಎ (ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ) ಇನ್ನೂ ಪಾಲಿಕೆಗೆ ಹಸ್ತಾಂತರ ಮಾಡದ ಬಡಾವಣೆಯಾದರೆ ಬಿಡಿಎ. 2025ರ ಸೆಪ್ಟೆಂಬರಿನಿಂದ ಬಿಬಿಎಂಪಿ ಜಾಗದಲ್ಲಿ ಐದು ಪಾಲಿಕೆಗಳಿವೆ. ಹಳೇ ವಾರ್ಡ್ ನಂಬರೊಂದನ್ನೇ ಬರೆದು ಕೂರಬೇಡಿ. ಬೀದಿ, ಲೈಟು ಕಂಬದ ನಂಬರು, ನೀರು ಎಷ್ಟು ಹೊತ್ತಿಗೆ ಎಷ್ಟು ಎತ್ತರ ನಿಂತಿತ್ತು ಅಂತ ಫೋಟೋ ಸಮೇತ ಹಾಕಿ.

ನೆಲಮಹಡಿ: ಜೋರು ಮಳೆ ಬಂದರೆ ಸಾಕು, ಬಾತ್‌ರೂಮ್ ಜಾಲರಿಯಿಂದ ಗಲೀಜು ನೀರು ಉಕ್ಕುತ್ತೆ. ಮಳೆ ಇಲ್ಲದಾಗ ಏನೂ ತೊಂದರೆ ಇಲ್ಲ.

ಎಂಜಿನಿಯರ್: ನಿಮ್ಮ ಬೀದಿಯಲ್ಲಿ ತಾರಸಿ ಪೈಪನ್ನು ಯುಜಿಡಿಗೆ ಸೇರಿಸಿದ್ದಾರೆ, ಒಂದು ಮನೆಯಲ್ಲ, ಹಲವು ಮನೆ. 30×40 ತಾರಸಿ ಅಂದರೆ ಸುಮಾರು 110 ಚದರ ಮೀಟರ್. 50 ಮಿಲಿಮೀಟರ್ ಮಳೆಗೆ 5,500 ಲೀಟರ್. ನಾಲ್ಕು ಜನರ ಮನೆಯಿಂದ ಒಂದು ದಿನಕ್ಕೆ ಹೋಗುವುದು 500 ಲೀಟರ್ ಚಿಲ್ಲರೆ. ಹತ್ತು ದಿನದ ನೀರನ್ನು ಒಂದು ಗಂಟೆಯಲ್ಲಿ ಆ ಪೈಪಿಗೆ ಸುರಿದರೆ ಅದು ಎಲ್ಲಿ ತಗ್ಗಿದೆಯೋ ಅಲ್ಲಿ ಎದ್ದು ಬರುತ್ತೆ. ತಗ್ಗಿರುವುದು ನಿಮ್ಮ ಬಚ್ಚಲು.

ನಿಮ್ಮ ಕೊನೇ ಚೇಂಬರಿಗೂ ರಸ್ತೆ ಮ್ಯಾನ್‌ಹೋಲಿಗೂ ಮಧ್ಯೆ ನೀರನ್ನು ಹೊರಗೆ ಮಾತ್ರ ಬಿಡುವ ನಾನ್ ರಿಟರ್ನ್ ವಾಲ್ವ್ ಹಾಕಿಸಿ, ಮೇಲಿಂದ ಮುಚ್ಚಳ ತೆಗೆಯೋ ಥರದ್ದು. ತಿಂಗಳಿಗೊಮ್ಮೆ ತೆಗೆದು ಕೂದಲು, ಬಟ್ಟೆ ಚೂರು ತೆಗೀಬೇಕು. ಒಂದು ಚೂರು ಸಿಕ್ಕಿಕೊಂಡರೂ ಬಾಗಿಲು ಪೂರ್ತಿ ಕೂರಲ್ಲ. ಇನ್ನೊಂದು: ವಾಲ್ವ್ ಮುಚ್ಚಿಕೊಂಡಿರುವಾಗ ನಿಮ್ಮ ನೀರೂ ಹೊರಗೆ ಹೋಗಲ್ಲ. ನಿಮ್ಮದೇ ತಾರಸಿ ಪೈಪು ವಾಲ್ವಿನ ಹಿಂದಿನ ಚೇಂಬರಿಗೆ ಬಿದ್ದಿದ್ದರೆ ನಿಮ್ಮ ಮನೆಯನ್ನು ನೀವೇ ಮುಳುಗಿಸ್ತೀರಿ. ಮೊದಲು ಅದನ್ನು ಬಿಡಿಸಿ ಮೋರಿಗೋ ಇಂಗುಗುಂಡಿಗೋ ತಿರುಗಿಸಿ.

ವೈಟ್‌ಟಾಪಿಂಗ್ ರಸ್ತೆ: ಕಾಂಕ್ರೀಟ್ ಹಾಕಿದ ಮೇಲೆ ರಸ್ತೆ ನಮ್ಮ ಗೇಟಿಗಿಂತ ಮುಕ್ಕಾಲು ಅಡಿ ಮೇಲೆ ಬಂದಿದೆ. ಮೋರಿಗೆ ನೀರು ಹೋಗೋ ಬಾಯಿ ಎಲ್ಲಿ ಇರಬೇಕು ಸರ್?

ಪಾರ್ಕ್ ಎದುರು: ಫಾರ್ವರ್ಡ್ ಬಂದಿದೆ, ಎಲ್ಲರಿಗೂ ಉಪಯೋಗ ಆಗುತ್ತೆ: "ಮಳೆಯಲ್ಲಿ ರಸ್ತೆ ತುಂಬಿದರೆ ಹತ್ತಿರದ ಮ್ಯಾನ್‌ಹೋಲ್ ಮುಚ್ಚಳ ತೆಗೆಯಿರಿ, ಐದೇ ನಿಮಿಷದಲ್ಲಿ ನೀರು ಮಾಯ."

ಎಂಜಿನಿಯರ್: ದಯವಿಟ್ಟು ಅಳಿಸಿ. ಮೊಣಕಾಲುದ್ದ ಕೆಂಪು ನೀರಿನ ಕೆಳಗೆ ತೆರೆದ ಬಾಯಿ ಯಾರಿಗೂ ಕಾಣಲ್ಲ. ನಡೆದು ಹೋಗೋರು, ಸ್ಕೂಟರ್, ಮಕ್ಕಳು, ಯಾರಾದರೂ ಒಳಗೆ ಹೋಗ್ತಾರೆ. ರಸ್ತೆಯ ಮಣ್ಣು, ಪ್ಲಾಸ್ಟಿಕ್ ಯುಜಿಡಿಗೆ ಇಳಿಯುತ್ತೆ; ನಿಮ್ಮ ಬೀದಿಯಲ್ಲಿ "ಮಾಯ"ವಾದ ನೀರು ಮೇಲೆ ನೆಲಮಹಡಿಯವರು ಬರೆದಿದ್ದಾರಲ್ಲ, ಅವರ ಬಚ್ಚಲಲ್ಲಿ ಏಳುತ್ತೆ. ಒಳಗಿನ ವಿಷಗಾಳಿ ಉಸಿರಾಡಿದವನು ಎರಡನೇ ಉಸಿರಿಗೆ ಇರದೇ ಹೋಗಬಹುದು. ಯಾರನ್ನೂ ಒಳಗೆ ಇಳಿಸಬೇಡಿ, ದುಡ್ಡು ಕೊಟ್ಟು ಇಳಿಸಿದರೂ 2013ರ ಕಾಯ್ದೆ ಪ್ರಕಾರ ಅಪರಾಧ. ನೀರಿನ ರಭಸದಿಂದ ಪೈಪು ತೆರವು ಮಾಡುವ ಜೆಟ್ಟಿಂಗ್ ಗಾಡಿ ಕರೆಸಿ.

5ನೇ ಮೇನ್: ಸರ್ ಮೋರಿ ಕಟ್ಟಿಕೊಂಡಿದೆ, ಯಾರಿಗೆ ದೂರು ಕೊಡೋದು?

ಎಂಜಿನಿಯರ್: ಮೇಲಿದೆ.

ಕಾಲುವೆ ಪಕ್ಕ: ನಮ್ಮ ಓಣಿ ರಾಜಕಾಲುವೆ ಅಂಚಿಗೇ ಇದೆ, ಮಧ್ಯೆ ಹಳೇ ಕಲ್ಲಿನ ತಡೆಗೋಡೆ, ಸುಮಾರು ಹತ್ತಡಿ ಎತ್ತರ. ದೊಡ್ಡ ಮಳೆ ಆದ ಮರುದಿನ ಗೋಡೆ ಪಕ್ಕ ನೆಲ ಕುಸೀತಾ ಇದೆ. ಮೂರು ಸಲ ಡೆಬ್ರಿಸ್ (ಒಡೆದ ಕಟ್ಟಡದ ಚೂರು) ತುಂಬಿದ್ವಿ. ಗೋಡೆ ತೂತುಗಳಿಂದ ಕೆಂಪು ನೀರು ಬರುತ್ತೆ. ಸಿಮೆಂಟ್ ಹಾಕಿ ತೂತು ಮುಚ್ಚಿಸಲಾ?

ಎಂಜಿನಿಯರ್: ಬೇಡ. ತೂತು ಮುಟ್ಟಬೇಡಿ. ಉಳಿದ ಪ್ರಶ್ನೆಗಳು ಕಾಯಲಿ, ಇದನ್ನು ಪೂರ್ತಿ ಓದಿ.

ಕಾಲುವೆ ತುಂಬಿ ಹರಿಯುವಾಗ ಕಲ್ಲಿನ ಸಂದುಗಳಿಂದ ನೀರು ಗೋಡೆ ಹಿಂದಿನ ಮಣ್ಣಿಗೆ ನುಗ್ಗುತ್ತೆ. ಮಳೆ ನಿಂತು ಒಂದೆರಡು ಗಂಟೆಯಲ್ಲಿ ಕಾಲುವೆ ಇಳಿಯುತ್ತೆ, ಮಣ್ಣಿನೊಳಗಿನ ನೀರು ಅಷ್ಟು ಬೇಗ ಇಳಿಯಲ್ಲ. ಹತ್ತಡಿ ನೀರು ಹಿಂದೆ ನಿಂತರೆ ಗೋಡೆಯ ಪ್ರತಿ ಮೀಟರ್ ಉದ್ದಕ್ಕೆ ನಾಲ್ಕೂವರೆ ಟನ್ ತಳ್ಳು, ಮಣ್ಣಿನ ಭಾರ ಬೇರೆ. ಆ ನೀರಿಗೆ ಇರುವ ದಾರಿ ಆ ತೂತುಗಳೇ. ಮುಚ್ಚಿದರೆ ಗೋಡೆ ಕಾಲುವೆಗೆ ಮಗುಚುತ್ತೆ.

ತೂತಿಂದ ನೀರು ಬರಲಿ, ಮಣ್ಣು ಬರಬಾರದು. ಕೆಂಪಾಗಿ ಬಂದರೆ ನಿಮ್ಮ ಓಣಿಯ ಕೆಳಗಿನ ಮಣ್ಣೇ ಹೋಗ್ತಾ ಇದೆ ಅಂತ ಅರ್ಥ. ಮೇಲಿನ ಕಾಂಕ್ರೀಟ್ ಚಪ್ಪಡಿ ಸೇತುವೆ ಥರ ನಿಂತಿರುತ್ತೆ, ಒಂದು ದಿನ ಭಾರದ ಗಾಡಿ ಬರೋವರೆಗೆ. ನೀವು ತುಂಬಿದ ಡೆಬ್ರಿಸ್ ತುಂಬಾ ಸಡಿಲ, ಅದರ ಮೂಲಕ ಮಣ್ಣು ಇನ್ನೂ ಸಲೀಸಾಗಿ ಹೋಗುತ್ತೆ.

ಈಗ ಮಾಡಬೇಕಾದ್ದು: ಓಣಿಗೆ ಕಾರು, ಟ್ಯಾಂಕರ್ ಬಿಡಬೇಡಿ. 12 ಎಂಎಂ ಕಬ್ಬಿಣದ ಸರಳು ತಗೊಂಡು, ಗಟ್ಟಿ ನೆಲದ ಮೇಲೆ ನಿಂತು, ಕುಸಿದ ಕಡೆ ಚುಚ್ಚಿ ನೋಡಿ. ಎಷ್ಟಡಿ ತಡೆಯಿಲ್ಲದೆ ಇಳೀತು ಹೇಳಿ. ಗೋಡೆ ಮೇಲಿಂದ ತೂಗುಗುಂಡು ಬಿಟ್ಟು ಮೇಲೆ ಕೆಳಗೆ ಅಂತರ ಅಳೆಯಿರಿ. ಬಿರುಕಿದ್ದರೆ ಅಡ್ಡ ಪೆನ್ಸಿಲ್ ಗೆರೆ, ತಾರೀಖು. ಮತ್ತೆ, ಮೂರು ದಿನ ಮಳೆ ಇಲ್ಲದಾಗಲೂ ನೀರು ಒಸರುತ್ತಾ? ಒಸರಿದರೆ ಪೈಪು ಒಡೆದಿರಬಹುದು, 1916ಕ್ಕೂ ಹೇಳಿ.

ದುರಸ್ತಿ ಪಾಲಿಕೆಯ ಕೆಲಸ, ನೀವು ಚಂದಾ ಎತ್ತಿ ಮಾಡೋದಲ್ಲ. ಹಿಂದಿನ ಮಣ್ಣು ಬಗೆದು, ನೀರು ಬಿಟ್ಟು ಮಣ್ಣು ತಡೆಯುವ ಜಿಯೋಟೆಕ್ಸ್‌ಟೈಲ್ ಬಟ್ಟೆ, ಗೋಡೆಗೆ ಒತ್ತಿ 40 ಮತ್ತು 20 ಎಂಎಂ ಜಲ್ಲಿ, ಆಮೇಲೆ ಮಣ್ಣು ಒಂದೊಂದು ಪದರ 20 ಸೆಂಟಿಮೀಟರಿನಂತೆ ಕುಟ್ಟಿ ತುಂಬಬೇಕು. ಕಾಲುವೆ ಕಡೆ ಗೋಡೆಯ ಬುಡ ಕೊರೆದಿದ್ದರೆ ಮೊದಲು ಅದು. ದೂರಿನಲ್ಲಿ "ಮೋರಿ ಸಮಸ್ಯೆ" ಅಂತ ಬರೀಬೇಡಿ, "ತಡೆಗೋಡೆ ಹಿಂದೆ ಪೊಳ್ಳು, ರಸ್ತೆ ಕುಸಿಯುವ ಅಪಾಯ" ಅಂತ ಬರೀರಿ.

ನಿವೃತ್ತ: ಕಾಲುವೆ ಅಂಚಿಗೆ ಮನೆ ಕಟ್ಟಿದ್ದೇ ತಪ್ಪು. ಏನೂ ಕಟ್ಟದೆ 50 ಮೀಟರ್ ಬಫರ್ ಬಿಡಬೇಕು ಅಂತ ಹಸಿರು ನ್ಯಾಯಮಂಡಳಿ ಹೇಳಿಲ್ವಾ?

ಕಾಲುವೆ ಪಕ್ಕ: ನಾವು ಬಾಡಿಗೆಗೆ ಇರೋದು ಸ್ವಾಮಿ.

ಪಾರ್ಕ್ ಎದುರು: ಬಾಡಿಗೆ ಕೊಡೋರು ಇರೋದಕ್ಕೇ ಒತ್ತುವರಿ ಆಗೋದು.

ನೆಲಮಹಡಿ: ಮ್ಯಾನ್‌ಹೋಲ್ ತೆಗೀರಿ ಅಂದೋರು ಈಗ ನಗರ ಯೋಜನೆ ಹೇಳ್ತಿದ್ದಾರೆ.

ಎಂಜಿನಿಯರ್: 2016ರ ಆ ಆದೇಶವನ್ನು ಸುಪ್ರೀಂ ಕೋರ್ಟ್ 2019ರ ಮಾರ್ಚ್‌ನಲ್ಲಿ ತೆಗೆದುಹಾಕಿತು. 2015ರ ಮಹಾಯೋಜನೆಯಲ್ಲಿ ಕಾಲುವೆಯ ನಡುಗೆರೆಯಿಂದ ಲೆಕ್ಕ: ದೊಡ್ಡದಕ್ಕೆ 50, ಎರಡನೇ ದರ್ಜೆಗೆ 25, ಮೂರನೆಯದಕ್ಕೆ 15 ಮೀಟರ್. ಇವರದ್ದು ಯಾವ ದರ್ಜೆ ಅಂತ ನಿಮಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಗೋಡೆ ದಾಖಲೆ ನೋಡಿ ಬೀಳಲ್ಲ.

ನಿವೃತ್ತ: ಸಾರ್ವಜನಿಕ ಹಿತಕ್ಕೆ ಹೇಳಿದೆ. ನಿಮ್ಮ ಧಾಟಿ ಸರಿಯಿಲ್ಲ.

2ನೇ ಕ್ರಾಸ್: ರಸ್ತೆ ನೀರನ್ನು ಬತ್ತಿದ ಬೋರ್‌ವೆಲ್‌ಗೆ ಬಿಡಬಹುದಾ? ಮೋರಿಗೆ ವಾರಕ್ಕೊಮ್ಮೆ ಬಯೋ ಎಂಜೈಮ್ ಹಾಕಿದರೆ ಹೂಳು ಕರಗುತ್ತಂತೆ?

ಎಂಜಿನಿಯರ್: ಬಿಡಬಾರದು, ರಸ್ತೆಯ ಎಣ್ಣೆ, ಕೊಳಚೆ ನೇರ ಅಂತರ್ಜಲಕ್ಕೆ ಹೋಗುತ್ತೆ. ಹೂಳು ಅಂದರೆ ಮರಳು, ಮಣ್ಣು, ಜಲ್ಲಿ. ಯಾವ ಎಂಜೈಮಿಗೂ ಜಲ್ಲಿ ಕರಗಲ್ಲ. ಎತ್ತಿದ ಹೂಳನ್ನು ಅಂಚಲ್ಲೇ ಬಿಟ್ಟು ಹೋದರೆ ಮುಂದಿನ ಮಳೆಗೆ ಅದೇ ವಾಪಸ್. ಅದೇ ದಿನ ಸಾಗಿಸಿದರಾ ನೋಡಿ, ಅದಕ್ಕೆ ದೂರು ಕೊಡಿ.

ಪಾರ್ಕ್ ಎದುರು: ನಮ್ಮ ಅಣ್ಣನ ಅಪಾರ್ಟ್‌ಮೆಂಟಲ್ಲಿ ಎಂಜೈಮ್ ಕೆಲಸ ಮಾಡಿದೆ.

ನೆಲಮಹಡಿ: ಮುಚ್ಚಳನೂ ತೆಗೆದಿದ್ರಾ?

ಅಡ್ಮಿನ್: ಇಬ್ಬರೂ ನಿಲ್ಲಿಸಿ.

ವೈಟ್‌ಟಾಪಿಂಗ್ ರಸ್ತೆ: ಎರಡನೇ ಸಲ ಕೇಳ್ತಿದ್ದೀನಿ, ನೀರು ಹೋಗೋ ಬಾಯಿ?

ಕಾಲುವೆ ಪಕ್ಕ: ಸರ್, ಸರಳು ಮೂರಡಿ ಸುಮ್ಮನೆ ಇಳೀತು. ತೂಗುಗುಂಡು ಬಿಟ್ಟರೆ ಗೋಡೆ ಮೇಲ್ಭಾಗ ಕಾಲುವೆ ಕಡೆ ನಾಲ್ಕು ಇಂಚು ಆಚೆ ಇದೆ.

ಎಂಜಿನಿಯರ್: ಹಗ್ಗ, ಡ್ರಮ್ಮು ಏನಿದೆಯೋ ಅಡ್ಡ ಇಟ್ಟು ಎರಡೂ ತುದಿ ಮುಚ್ಚಿ. 1533ಕ್ಕೆ ಫೋನ್ ಮಾಡಿ ಈ ಎರಡು ಅಳತೆ ಹೇಳಿ, ದೂರಿನ ನಂಬರ್ ಇಲ್ಲಿ ಹಾಕಿ. ಗೋಡೆಗೆ ತಾಗಿದ ರೂಮಲ್ಲಿ ಇವತ್ತು ರಾತ್ರಿ ಯಾರೂ ಮಲಗಬೇಡಿ.

ಕಾಲುವೆ ಪಕ್ಕ: ಆರು ಗಂಟೆಗೆ ನೀರಿನ ಟ್ಯಾಂಕರ್ ಬರೋದಿದೆ.

ಎಂಜಿನಿಯರ್: ಮೇನ್ ರೋಡಲ್ಲೇ ನಿಲ್ಲಿಸಿ, ಪೈಪು ಎಳೀಲಿ.