ಫ್ಲಾರೆನ್ಸ್‌ನಲ್ಲಿ ಗೈಡ್ ಇಲ್ಲದೆ ಗಿಡ, ಹಕ್ಕಿ ನೋಡುತ್ತಾ ನಡೆಯಬಹುದಾ?

ಮಳೆಹನಿ ಕೇಳಿದ್ದು:

ಏಪ್ರಿಲ್ ಕೊನೆಯ ವಾರ ಅಮ್ಮನ ಜೊತೆ ಇಟಲಿಗೆ ಹೋಗುತ್ತಿದ್ದೇನೆ. ಫ್ಲಾರೆನ್ಸ್‌ನಲ್ಲಿ ಒಂದು ದಿನ ನಮ್ಮಿಬ್ಬರಿಗೇ ಬಿಡುವಿದೆ. ಜೊತೆಗೆ ಬರುವವರೆಲ್ಲ ಆ ದಿನ ಮ್ಯೂಸಿಯಂ ನೋಡುತ್ತಾರೆ. ಅಮ್ಮನಿಗೆ ಗಿಡಗಳೆಂದರೆ ಪ್ರಾಣ, ನನಗೆ ಹಕ್ಕಿ. ಅಮ್ಮ ಚೆನ್ನಾಗಿ ನಡೆಯುತ್ತಾರೆ, ಆದರೆ ನಿಧಾನ. ಗೈಡ್ ಬೇಡ, ನಾವೇ ನೋಡಿಕೊಂಡು ಹೋಗಬೇಕು. ಎಲ್ಲಿ ನೋಡಿದರೂ ಚರ್ಚ್, ಅರಮನೆ ಪಟ್ಟಿಯೇ ಸಿಗುತ್ತದೆ. ಗೊತ್ತಿರುವವರು ಒಂದು ದಾರಿ ಹೇಳಿ.

ದಾರಿಬದಿ:

ಖಂಡಿತ ಆಗುತ್ತದೆ. ಕೆಲಸದ ಮೇಲೆ ಬಂದು ಈ ಊರಲ್ಲೇ ಇರುವವಳು ನಾನು. ರಜೆ ಸಿಕ್ಕಿದಾಗಲೆಲ್ಲ ನಡೆಯುವುದು ಇದೇ ದಾರಿ. ಇಲ್ಲಿನ ಚಿತ್ರಗಾರರು ಕಂಡ ಹೂ, ಕಲ್ಲು, ನದಿ ಇನ್ನೂ ಇಲ್ಲೇ ಇವೆ. ಅದಕ್ಕೇ ಹೇಳುವುದು, ಮ್ಯೂಸಿಯಂಗಿಂತ ಮೊದಲು ಗುಡ್ಡ ಹತ್ತಿ. ಚಿತ್ರ ಆಮೇಲೆ ನೋಡಿ.

ಬೆಳಗ್ಗೆ ಬೇಗ ಸ್ಯಾನ್ ರೆಮಿಜಿಯೊ ಬೀದಿಯಿಂದ ಶುರು ಮಾಡಿ. ಉಫಿಜಿ ಮ್ಯೂಸಿಯಂ ಹಿಂಭಾಗದ ಗಲ್ಲಿ ಅದು. ಅಲ್ಲೊಂದು ಗೋಡೆಯಲ್ಲಿ ತಲೆಗಿಂತ ಎಷ್ಟೋ ಮೇಲೆ ಒಂದು ಹಳೆಯ ಕಲ್ಲುಫಲಕ ಇದೆ. ನೀರಿನ ಅಲೆ ಕೆತ್ತಿದ್ದಾರೆ, ಒಂದು ಕೈ ಬೆರಳು ಚಾಚಿ ಅದನ್ನು ತೋರಿಸುತ್ತಿದೆ. 1333ರ ನವೆಂಬರ್ 4ರಂದು ಆರ್ನೊ ನದಿ ಅಲ್ಲಿಯವರೆಗೆ ಬಂದಿತ್ತು. ಅದಕ್ಕಿಂತ ಮೇಲೆ ಇನ್ನೊಂದು ಫಲಕ, 1966ರದು. ಅದೂ ನವೆಂಬರ್ 4ರಂದೇ! ಈ ಊರನ್ನು ಕಟ್ಟಿದ್ದು ಎಂಥ ನದಿಯ ದಡದಲ್ಲಿ ಅಂತ ಆ ಎರಡು ಫಲಕ ನೋಡಿದರೆ ಸಾಕು, ಗೊತ್ತಾಗುತ್ತದೆ.

ಅಲ್ಲಿಂದ ಗ್ರಾಜಿಯೆ ಸೇತುವೆ ದಾಟಿ ಎಡಕ್ಕೆ ತಿರುಗಿ. ಸ್ಯಾನ್ ನಿಕೊಲೊ ಹತ್ತಿರ ನದಿಗೆ ಅಡ್ಡಲಾಗಿ ಹಳೆಯ ಒಡ್ಡು ಇದೆ. ನೀರು ತೆಳ್ಳಗೆ ಹರಿಯುವ ಕಡೆ ಬೆಳ್ಳಕ್ಕಿ, ಬೂದು ಬಕ ನಿಂತಿರುತ್ತವೆ. ನೀರುಕಾಗೆ ರೆಕ್ಕೆ ಒಣಗಿಸಿಕೊಳ್ಳುವುದೂ ಕಾಣಬಹುದು. ಆ ಹೊತ್ತಿಗೆ ಜನ ಇರುವುದಿಲ್ಲ. ಅಲ್ಲಿ ಅರ್ಧ ಗಂಟೆ ಕಳೆದರೂ ನಷ್ಟವಿಲ್ಲ.

ಆಮೇಲೆ ಪೋರ್ತಾ ಸ್ಯಾನ್ ಮಿನಿಯಾಟೊ ಬಾಗಿಲಿನಿಂದ ಏರು. ಅಮ್ಮ ಆರಾಮಾಗಿ ಹತ್ತಲಿ. ದಾರಿಯಲ್ಲೇ ಗುಲಾಬಿ ತೋಟ ಸಿಗುತ್ತದೆ, ಟಿಕೆಟ್ ಇಲ್ಲ, ಕೂರಲು ಜಾಗ ಇದೆ. ಫ್ಲಾರೆನ್ಸ್ ಇಟಲಿಯ ರಾಜಧಾನಿಯಾಗಿದ್ದ ಕಾಲದಲ್ಲಿ, 1865ರಲ್ಲಿ, ಜುಸೆಪ್ಪೆ ಪೊಜ್ಜಿ ಎಂಬ ವಾಸ್ತುಶಿಲ್ಪಿ ಮಾಡಿಸಿದ ತೋಟ. ಗುಲಾಬಿ ತುಂಬಿ ನಿಲ್ಲುವುದು ಮೇ ತಿಂಗಳಲ್ಲಿ, ನಿಮಗೆ ಒಂದಷ್ಟು ಹೂ ಸಿಕ್ಕೀತು.

ನಿಮ್ಮ ಅದೃಷ್ಟ ಇರುವುದು ಅದರ ಮೇಲಿನ ಐರಿಸ್ ತೋಟದಲ್ಲಿ. ಪಿಯಾಜಾಲೆ ಮೈಕೆಲಾಂಜೆಲೊ ಅನ್ನುವ ದೊಡ್ಡ ಚೌಕದ ಮೂಲೆಯಲ್ಲೇ ಅದರ ಬಾಗಿಲು. ವರ್ಷದಲ್ಲಿ ಹೂ ಬಿಡುವ ಕೆಲವೇ ವಾರ ತೆರೆದಿರುತ್ತದೆ, ಸಾಮಾನ್ಯವಾಗಿ ಏಪ್ರಿಲ್ 25ರ ಸುಮಾರಿನಿಂದ ಮೇ 20ರ ತನಕ. ಊರಿನ ಲಾಂಛನದಲ್ಲಿ ಕೆಂಪು ಹೂ ಇದೆ ಅಲ್ವಾ, ಅದು ಐರಿಸ್. 1950ರ ದಶಕದಿಂದ ಇಲ್ಲಿ ಐರಿಸ್ ತಳಿಗಳ ಸ್ಪರ್ಧೆ ನಡೆಯುತ್ತಿದೆ. ಕೆಂಪಿಗೆ ಹತ್ತಿರ ಬರುವ ಹೂವಿಗೆ ಬೇರೆಯೇ ಬಹುಮಾನ. ಲಾಂಛನದಲ್ಲಿರುವಂಥ ಅಚ್ಚ ಕೆಂಪು ಮಾತ್ರ ಇನ್ನೂ ಯಾವ ತೋಟಗಾರನ ಕೈಗೂ ಸಿಕ್ಕಿಲ್ಲ.

ಅಲ್ಲಿ ಸುಮ್ನೆ ಫೋಟೊ ತೆಗೆದು ಬರಬೇಡಿ. ಒಂದು ಹೂವಿನ ಹತ್ತಿರ ಬಗ್ಗಿ. ಕೆಳಕ್ಕೆ ಜೋತುಬಿದ್ದ ಎಸಳಿನ ನಡುವೆ ಹಳದಿ ರೋಮದ ಸಾಲು ಕಾಣುತ್ತದೆ. ದುಂಬಿ ಅದರ ಮೇಲೆ ಇಳಿದು ಒಳಕ್ಕೆ ನುಗ್ಗುತ್ತದೆ. ಜಾಗ ಇಕ್ಕಟ್ಟು, ಹಾಗಾಗಿ ಮೇಲಿರುವ ಕೇಸರ ಅದರ ಬೆನ್ನಿಗೆ ಉಜ್ಜಿ ಪರಾಗ ಅಂಟುತ್ತದೆ. ಎರಡು ನಿಮಿಷ ಕಾದರೆ ಕಣ್ಣೆದುರೇ ನಡೆಯುತ್ತದೆ. ಇದೇ ಐರಿಸ್ ಗಡ್ಡೆಯನ್ನು ಸುಲಿದು ವರ್ಷಗಟ್ಟಲೆ ಒಣಗಿಸಿ ಸುಗಂಧಕ್ಕೆ ಬಳಸುತ್ತಾರೆ. ಹಸಿ ಗಡ್ಡೆಗೆ ಆ ಪರಿಮಳ ಇಲ್ಲ, ಒಣಗುತ್ತಾ ಬರುತ್ತದೆ.

ಮುಂದೆ ಸ್ಯಾನ್ ಮಿನಿಯಾಟೊ ಚರ್ಚ್. ಎದುರುಗೋಡೆಯ ಬಿಳಿ ಅಮೃತಶಿಲೆ, ಹಸಿರು ಕಲ್ಲು ನೋಡಿ. ಹಸಿರು ಬಂದಿದ್ದು ಹತ್ತಿರದ ಪ್ರಾತೊ ಊರಿನ ಕಡೆಯಿಂದ. ಒಳಗೆ ನೆಲದಲ್ಲಿ 1207ರ ರಾಶಿಚಕ್ರ ಇದೆ, ಸುತ್ತ ಸಿಂಹ, ಹಕ್ಕಿ. ಆಮೇಲೆ ಸ್ಯಾನ್ ಲಿಯೊನಾರ್ಡೊ ಬೀದಿ ಹಿಡಿದು ಬೆಲ್ವೆದೆರೆ ಕೋಟೆಯ ಕಡೆ ಇಳಿಯಿರಿ. ಎರಡೂ ಬದಿ ಎತ್ತರದ ಗೋಡೆ, ಆಚೆ ಆಲಿವ್ ಮರಗಳು. ಗೋಡೆಯ ಸಂದಿಯಲ್ಲಿ ಬೆಳೆದ ಪುಟ್ಟ ಗಿಡಗಳನ್ನು ನೋಡಲು ಅಮ್ಮನಿಗೆ ಹೇಳಿ. ಬಿಸಿಲು ಬಿದ್ದ ಕಲ್ಲಿನ ಮೇಲೆ ಹಸಿರು ಬೆನ್ನಿನ ಸಣ್ಣ ಹಲ್ಲಿಗಳೂ ಇರುತ್ತವೆ. ಕಾರು ಬಂದರೆ ಗೋಡೆಗೆ ಒತ್ತಿ ನಿಲ್ಲಬೇಕು, ಅದೊಂದು ಎಚ್ಚರ.

ಹಸಿರುಕಲ್ಲು:

ದಾರಿಬದಿಯವರು ಬೊಬೊಲಿ ತೋಟವನ್ನು ಬಿಟ್ಟೇಬಿಟ್ಟರಲ್ಲ! ಲೆಚ್ಚೊ ಎನ್ನುವ ಓಕ್ ಮರಗಳು ಎರಡು ಕಡೆಯಿಂದ ಬಾಗಿ ಸುರಂಗದ ಹಾಗೆ ಆಗಿರುವ ದಾರಿ ಬೇರೆಲ್ಲಿ ಸಿಗುತ್ತದೆ? ಕೋಟೆಯಿಂದ ಇಳಿದರೆ ಪಿಟ್ಟಿ ಅರಮನೆ ಹತ್ತಿರವೇ, ಅದರ ಹಿಂದಿನ ತೋಟವೇ ಬೊಬೊಲಿ.

ದಾರಿಬದಿ:

ಸುರಂಗ ನನಗೂ ಇಷ್ಟ. ಆದರೆ ಬೊಬೊಲಿಗೆ ಟಿಕೆಟ್ ಇದೆ, ಏರಿಳಿತ ಜಾಸ್ತಿ. ಅದೇ ದಿನ ಗುಡ್ಡ ಹತ್ತಿದವರಿಗೆ ಅದು ಓಡಾಟ ಆಗುತ್ತದೆ, ನೋಟ ಆಗುವುದಿಲ್ಲ. ತಿಂಗಳ ಮೊದಲ ಮತ್ತು ಕೊನೆಯ ಸೋಮವಾರ ಮುಚ್ಚಿರುತ್ತದೆ ಕೂಡ.

ಒಳಗೆ ಹೋಗದಿದ್ದರೂ ಪಿಟ್ಟಿ ಅರಮನೆಯ ಗೋಡೆಯನ್ನು ಮುಟ್ಟಿ ನೋಡಿ. ಆ ಕಂದು ಕಲ್ಲಿಗೆ ಪಿಯೆತ್ರಾಫೋರ್ತೆ ಅನ್ನುತ್ತಾರೆ. ಬೊಬೊಲಿ ಗುಡ್ಡದಲ್ಲೇ ಅದರ ಗಣಿ ಇತ್ತು. ಒಡೆದಾಗ ನೀಲಿ ಬೂದು, ಒಳಗಿನ ಕಬ್ಬಿಣದಂಶಕ್ಕೆ ಗಾಳಿ ನೀರು ತಾಗಿದ ಮೇಲೆ ಕಂದು. ಹತ್ತಿರ ಹೋದರೆ ಸಣ್ಣ ಸಣ್ಣ ಗೆರೆಗಳು ಬಳುಕಿಕೊಂಡು ಹೋಗಿರುವುದು ಕಾಣುತ್ತದೆ. ಕೋಟ್ಯಂತರ ವರ್ಷಗಳ ಹಿಂದೆ ಸಮುದ್ರದ ತಳಕ್ಕೆ ಜಾರಿ ಬಂದ ಮರಳಿನ ಪದರಗಳು ಅವು. ಗುಡ್ಡವನ್ನೇ ಅಗೆದು ಅರಮನೆ ಮಾಡಿದ್ದಾರೆ, ಗುಡ್ಡದ ಕಥೆ ಗೋಡೆಯಲ್ಲೇ ಇದೆ.

ನದಿಮೂಲೆ:

ಗುಡ್ಡ ಕಷ್ಟ ಅನಿಸಿದರೆ ಕಸೀನೆ ಪಾರ್ಕ್‌ಗೆ ಟ್ರಾಮ್‌ನಲ್ಲಿ ಹೋಗಿ. ಆರ್ನೊ ದಡದಲ್ಲೇ ಸಮತಟ್ಟಾಗಿ 3 ಕಿಮೀ ಉದ್ದ ಇದೆ. ಮಂಗಳವಾರ ಬೆಳಗ್ಗೆ ಬೇಡ, ಸಂತೆ ಇರುತ್ತದೆ. ಪಾರ್ಕಿನ ಪಶ್ಚಿಮದ ತುದಿಯಲ್ಲಿ ಒಂದು ಛತ್ರಿ ಮಂಟಪ, ಅದರಡಿ ಪೇಟ ತೊಟ್ಟ ಯುವಕನ ಮೂರ್ತಿ. ಕೊಲ್ಹಾಪುರದ ರಾಜಾರಾಮ ಮಹಾರಾಜರು. ಇಂಗ್ಲೆಂಡಿನಿಂದ ಹಿಂದಿರುಗುವಾಗ 1870ರ ನವೆಂಬರ್‌ನಲ್ಲಿ ಈ ಊರಲ್ಲೇ ತೀರಿಕೊಂಡರು. ಇಪ್ಪತ್ತರ ಆಸುಪಾಸಿನ ವಯಸ್ಸು. ಎರಡು ನದಿ ಸೇರುವ ಜಾಗ ಬೇಕೆಂದು ಮುನ್ಯೋನೆ ಹೊಳೆ ಆರ್ನೊಗೆ ಕೂಡುವಲ್ಲಿ ಚಿತೆ ಮಾಡಿದರು. ಪಕ್ಕದ ದೊಡ್ಡ ಸೇತುವೆಯ ಹೆಸರಲ್ಲೂ 'ಇಂಡಿಯಾನೊ' ಇದೆ.

ಮಳೆಹನಿ:

ಎಲ್ಲರಿಗೂ ಧನ್ಯವಾದ. ಬೆಳಗ್ಗೆ ಗುಡ್ಡ, ಸಂಜೆ ಅಮ್ಮನಿಗೆ ಶಕ್ತಿ ಉಳಿದರೆ ಕಸೀನೆ. ಅಮ್ಮನಿಗೆ ಛತ್ರಿಯ ವಿಷಯ ಓದಿ ಹೇಳಿದೆ, ಅಲ್ಲಿಗೆ ಹೋಗಲೇಬೇಕು ಅಂತಿದ್ದಾರೆ. ಇನ್ನೆರಡು ಪ್ರಶ್ನೆ. ಮರುದಿನ ಉಫಿಜಿಗೆ ಹೋಗುತ್ತೇವೆ, ಅಲ್ಲಿ ಗಿಡ ನೋಡುವವರಿಗೆ ಏನಿದೆ? ಹಕ್ಕಿ ಗುರುತಿಸಲು ಯಾವ ಆ್ಯಪ್?

ದಾರಿಬದಿ:

ಉಫಿಜಿಯಲ್ಲಿ ಬೊತ್ತಿಚೆಲ್ಲಿ ಬರೆದ 'ಪ್ರಿಮಾವೆರಾ' ಚಿತ್ರದ ಮುಂದೆ ನಿಲ್ಲಿ. ಎಲ್ಲರೂ ಮುಖಗಳನ್ನು ನೋಡುತ್ತಾರೆ, ನೀವು ಕಾಲ ಕೆಳಗಿನ ಹುಲ್ಲು ನೋಡಿ. ಅದರಲ್ಲಿ 130ಕ್ಕೂ ಜಾಸ್ತಿ ಬಗೆಯ ಹೂಗಳನ್ನು ಸಸ್ಯಶಾಸ್ತ್ರಜ್ಞರು ಗುರುತಿಸಿದ್ದಾರೆ. ಡೇಸಿ, ವಯೊಲೆಟ್, ಐರಿಸ್, ಎಲ್ಲ ವಸಂತದವೇ. ಹಿಂದಿನ ದಿನ ಅಮ್ಮ ದಾರಿಯಲ್ಲಿ ಕಂಡ ಹೂಗಳ ಫೋಟೊ ಮೊಬೈಲಲ್ಲಿ ಇದ್ದರೆ ಅಲ್ಲೇ ಹೋಲಿಸಬಹುದು. ಅದಕ್ಕೇ ಗುಡ್ಡ ಮೊದಲು ಅಂದಿದ್ದು.

ಹಕ್ಕಿಗೆ ಮರ್ಲಿನ್, ಗಿಡಕ್ಕೆ ಐನ್ಯಾಚುರಲಿಸ್ಟ್. ಮರ್ಲಿನ್‌ನಲ್ಲಿ ಆ ಭಾಗದ ಹಕ್ಕಿಗಳ ಪ್ಯಾಕ್ ಬೇರೆಯಾಗಿ ಇಳಿಸಿಕೊಳ್ಳಬೇಕು. ಮನೆಯಲ್ಲಿ ವೈಫೈ ಇರುವಾಗಲೇ ಮಾಡಿಬಿಡಿ. ಸಂಜೆ ಗೋಪುರಗಳ ಸುತ್ತ ಚೀರುತ್ತಾ ಸುತ್ತುವ ಕಪ್ಪು ಹಕ್ಕಿಗಳು ಸ್ವಿಫ್ಟ್. ಹಿಂದೆ ಗೋಡೆ ಕಟ್ಟುವಾಗ ಸಾರ್ವೆ ಕಂಬಕ್ಕೆ ಬಿಟ್ಟಿದ್ದ ಚೌಕ ತೂತುಗಳಲ್ಲಿ ಗೂಡು ಮಾಡುತ್ತವೆ. ಬೈನಾಕ್ಯುಲರ್ ಇದ್ದರೆ ತನ್ನಿ. ಐರಿಸ್ ತೋಟ ಈ ವರ್ಷ ಯಾವತ್ತು ತೆರೆಯುತ್ತದೆ ಅಂತ ಹೊರಡುವ ಮೊದಲು ಒಮ್ಮೆ ನೋಡಿಕೊಳ್ಳಿ.